ಟವಿನ್ ಊರಿನ ಪುಟ್ಟ ರೈಲು: ಬಂಗಾರಪೇಟೆಯ ಫೈರ್‌ಮನ್ ಮಗಳು ಕಂಡಂತೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಡುವುದು ಐದಕ್ಕೆ ಐದು. ಯಾಕೆ ಅನ್ನುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕು. ಬ್ರಿಟನ್ನಿನಲ್ಲಿರುವ ನಮ್ಮವರು ರಜೆ ಬಂದರೆ ಲಂಡನ್, ಎಡಿನ್‌ಬರೋ, ಲೇಕ್ ಡಿಸ್ಟ್ರಿಕ್ಟ್ ಅಂತ ಹೊರಡುತ್ತಾರೆ. ವೇಲ್ಸ್‌ನ ಪಶ್ಚಿಮ ಕರಾವಳಿಯ ಟವಿನ್ ಅನ್ನುವ ಈ ಸಣ್ಣ ಊರಿನ ಹೆಸರನ್ನು ನನಗೆ ಯಾರೂ ಹೇಳಿರಲಿಲ್ಲ. ಮಗಳು ಹುಡುಕಿ ಕರೆದುಕೊಂಡು ಹೋದಳು, ಅದೂ ನನ್ನ ಅಪ್ಪನ ನೆನಪಿಗೆ.

ನಾನು ಬಂಗಾರಪೇಟೆಯವಳು. ನಮ್ಮಪ್ಪ ಅಲ್ಲಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಮೇಲೆ ಹೋಗುತ್ತಿದ್ದ ನ್ಯಾರೋಗೇಜ್ ರೈಲಿನಲ್ಲಿ ಫೈರ್‌ಮನ್ ಆಗಿದ್ದರು. ಎರಡೂವರೆ ಅಡಿ ಅಗಲದ ಹಳಿ ಅದು. ಊಟದ ಕ್ಯಾರಿಯರ್ ಕೊಡಲು ಸ್ಟೇಷನ್ನಿಗೆ ಹೋದಾಗಲೆಲ್ಲ ಎಂಜಿನ್ನಿನ ಪಕ್ಕ ನಿಂತು ಆ ಶಾಖ ಮುಖಕ್ಕೆ ತಾಗಿಸಿಕೊಂಡು ಬರುತ್ತಿದ್ದೆ. ಆಮೇಲೆ ನಾನು ಟೀಚರ್ ಆದೆ. ಮೂವತ್ತನಾಲ್ಕು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಸ್ಲೇಟಿನ ಮೇಲೆ ಅ, ಆ, ಇ, ಈ ತಿದ್ದಿಸಿದೆ. ಎಂಜಿನ್ನು ಮತ್ತು ಸ್ಲೇಟು ಎರಡೂ ಒಂದೇ ಕಡೆ ಸಿಗುವ ಊರಿಗೆ ಅರವತ್ತೆಂಟನೇ ವಯಸ್ಸಿನಲ್ಲಿ ಹೋಗುತ್ತೇನೆ ಅಂತ ನಾನು ಅಂದುಕೊಂಡಿರಲಿಲ್ಲ.

ಮಗಳ ಮನೆ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಲ್ಲಿಂದ ಟವಿನ್‌ಗೆ ನೇರ ರೈಲಿದೆ, ಮೂರು ಗಂಟೆಯ ಮೇಲೆ ಹಿಡಿಯುತ್ತದೆ. ಹೋಗುವವರು ಒಂದು ವಿಷಯ ನೆನಪಿಡಿ. ಮಖನ್ಲೆತ್ ಅನ್ನುವ ಸ್ಟೇಷನ್ನಿನಲ್ಲಿ ರೈಲು ಎರಡಾಗುತ್ತದೆ. ಒಂದು ಭಾಗ ಅಬರಿಸ್ಟ್‌ವಿತ್‌ಗೆ, ಇನ್ನೊಂದು ಪುಲ್‌ಹೆಲಿ ಕಡೆಗೆ. ಟವಿನ್‌ಗೆ ಹೋಗುವವರು ಪುಲ್‌ಹೆಲಿ ಬೋಗಿಯಲ್ಲೇ ಕೂರಬೇಕು. ಹತ್ತುವಾಗಲೇ ಕೇಳಿಕೊಂಡರೆ ಆಮೇಲೆ ಚೀಲ ಹೊತ್ತುಕೊಂಡು ಓಡುವುದು ತಪ್ಪುತ್ತದೆ. ಮಖನ್ಲೆತ್ ದಾಟಿದ ಮೇಲೆ ಎಡಗಡೆ ಕಿಟಕಿ ಹಿಡಿಯಿರಿ. ಡವಿ ನದಿ ಸಮುದ್ರ ಸೇರುವ ಜಾಗದಲ್ಲಿ ಹಳಿ ನೀರಿನ ಅಂಚಿಗೇ ಅಂಟಿಕೊಂಡು ಹೋಗುತ್ತದೆ. ನೀರು ಇಳಿದಿದ್ದ ಹೊತ್ತು, ಮರಳಿನ ಮೇಲೆ ಸಣ್ಣ ಸಣ್ಣ ಕಾಲುವೆ ಹೊಳೆಯುತ್ತಿದ್ದವು. ಮೊಮ್ಮಗ ನನ್ನ ತೊಡೆಯ ಮೇಲೆ ಕೂತು ಸುಮ್ಮನಾಗಿಬಿಟ್ಟ.

ಟವಿನ್‌ನಲ್ಲಿ ಇಳಿದು ಐದಾರು ನಿಮಿಷ ನಡೆದರೆ ಪುಟ್ಟ ರೈಲಿನ ಸ್ಟೇಷನ್, ಹೆಸರು ಟವಿನ್ ವಾರ್ಫ್. ವಾರ್ಫ್ ಅಂದರೆ ಸರಕು ಇಳಿಸುವ ಕಟ್ಟೆ. ಬೆಟ್ಟದ ಗಣಿಯಿಂದ ಬಂದ ಸ್ಲೇಟು ಕಲ್ಲನ್ನು ಇಲ್ಲಿ ಇಳಿಸಿ ದೊಡ್ಡ ರೈಲಿಗೆ ತುಂಬುತ್ತಿದ್ದರು. ರೈಲಿನ ಹೆಸರು ಟಾಲಿಲಿನ್. ಬರೆಯುವಾಗ ಹಾಗೆ ಬರೆದೆ, ಆದರೆ ಅದರಲ್ಲಿ ಎರಡನೇ ಸಲ ಬರುವ ‘ಲ’ ನಮ್ಮ ‘ಲ’ ಅಲ್ಲ. ‘ಲ’ ಅನ್ನಲು ನಾಲಿಗೆ ಇಟ್ಟು, ದನಿ ಹೊರಡಿಸದೆ ಬರೀ ಉಸಿರು ಊದಬೇಕು. ಟಿಕೆಟ್ ಕೊಟ್ಟ ಹೆಂಗಸು ನನಗೆ ಮೂರು ಸಲ ಹೇಳಿಕೊಟ್ಟರು. ಮೂರನೇ ಸಲ ಸರಿ ಬಂತು ಅಂತ ಕೈ ತಟ್ಟಿದರು.

ಈ ಹಳಿ ಹುಟ್ಟಿದ ಕಥೆ ಕೇಳಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಬರುವ ಹತ್ತಿ ನಿಂತುಹೋಯಿತು. ಇಂಗ್ಲೆಂಡಿನ ಲ್ಯಾಂಕಶೈರ್ ಕಡೆಯ ಹತ್ತಿ ಗಿರಣಿಗಳು ಬಾಗಿಲು ಮುಚ್ಚುವ ಸ್ಥಿತಿಗೆ ಬಂದವು. ಮೆಕಾನಲ್ ಅನ್ನುವ ಗಿರಣಿ ಮನೆತನದವರು, ಹತ್ತಿ ಒಂದನ್ನೇ ನಂಬಿ ಕೂತರೆ ಆಗದು ಅಂತ ವೇಲ್ಸ್‌ನ ಬ್ರಿನ್ ಎಗ್ಲುಯಿಸ್ ಅನ್ನುವ ಸ್ಲೇಟು ಗಣಿಗೆ ಹಣ ಹಾಕಿದರು. ಬೆಟ್ಟದಿಂದ ಕಲ್ಲು ಇಳಿಸಲು 1865ರಲ್ಲಿ ಈ ಹಳಿ ಹಾಕಿದರು. ಎಲ್ಲೋ ಮಿಸಿಸಿಪಿಯ ಹತ್ತಿ ಹೊಲ, ಎಲ್ಲೋ ಮ್ಯಾಂಚೆಸ್ಟರಿನ ಗಿರಣಿ, ಎಲ್ಲೋ ವೇಲ್ಸ್‌ನ ಬೆಟ್ಟ! ಉಗಿಬಂಡಿಯಲ್ಲಿ ಜನರನ್ನು ಕರೆದೊಯ್ಯಲು ಬ್ರಿಟಿಷ್ ಪಾರ್ಲಿಮೆಂಟಿನ ಅನುಮತಿ ಪಡೆದ ಮೊದಲ ನ್ಯಾರೋಗೇಜ್ ರೈಲು ಇದೇ. ಹಳಿಯ ಅಗಲ ಎರಡಡಿ ಮೂರಂಗುಲ. ನಮ್ಮಪ್ಪನ ಹಳಿಗಿಂತ ಮೂರಂಗುಲ ಕಿರಿದು. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತು ನೋಡಿದ ಕೂಡಲೇ ನನಗೆ ಆ ವ್ಯತ್ಯಾಸ ಗೊತ್ತಾಯಿತು.

ಅವತ್ತು ನಮ್ಮನ್ನು ಎಳೆದ ಎಂಜಿನ್ನು ನಾಲ್ಕನೇ ನಂಬರಿನದು, ಎಡ್ವರ್ಡ್ ಥಾಮಸ್ ಅಂತ ಹೆಸರು. 1921ರಲ್ಲಿ ತಯಾರಾದದ್ದು. ಹತ್ತಿರದ ಕೋರಿಸ್ ಅನ್ನುವ ಇನ್ನೊಂದು ಪುಟ್ಟ ರೈಲು ಮುಚ್ಚಿದಾಗ ಅಲ್ಲಿ ಉಳಿದಿದ್ದ ಎರಡು ಎಂಜಿನ್ನುಗಳನ್ನು 1951ರಲ್ಲಿ ತಲಾ 25 ಪೌಂಡಿಗೆ ಕೊಂಡು ತಂದರಂತೆ. ಅದರಲ್ಲಿ ಇದೊಂದು. ಕೋರಿಸ್ ಹಳಿಯೂ ಇದೇ ಎರಡಡಿ ಮೂರಂಗುಲದ್ದಾದ್ದರಿಂದ ಗಾಲಿ ಬದಲಿಸುವ ಗೋಜಿಲ್ಲದೆ ಇಲ್ಲಿಯ ಹಳಿಗೆ ಇಳಿಸಲು ಬಂತು.

ಹೊರಡಲು ಇಪ್ಪತ್ತು ನಿಮಿಷವಿತ್ತು. ನಾನು ಎಂಜಿನ್ನಿನ ಹತ್ತಿರ ಹೋಗಿ ನಿಂತೆ. ನೀಲಿ ಓವರಾಲ್ ಹಾಕಿಕೊಂಡ ಒಬ್ಬ ಹಿರಿಯರು ಉದ್ದ ಮೂತಿಯ ಎಣ್ಣೆ ಕ್ಯಾನು ಹಿಡಿದು ಒಂದೊಂದೇ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಬಿಟ್ಟು ಮುಗಿಸಿ, ಕೈಯ ಹಿಂಬದಿಯನ್ನು ಬೇರಿಂಗಿನ ಮೇಲೆ ಇಟ್ಟು ತೆಗೆದರು. ಅಂಗೈ ಅಲ್ಲ, ಹಿಂಗೈ. ನನಗೆ ಎದೆ ಝಲ್ಲೆಂದಿತು. ನಮ್ಮಪ್ಪ ಹಾಗೇ ಮಾಡುತ್ತಿದ್ದರು. “ಅಂಗೈ ಸುಟ್ಟರೆ ಸಲಿಕೆ ಹಿಡಿಯೋದು ಹೇಗಮ್ಮ? ಹಿಂಗೈ ಸುಟ್ಟರೆ ಕೆಲಸ ನಿಲ್ಲಲ್ಲ” ಅನ್ನುತ್ತಿದ್ದರು. ಮಗಳ ಕೈಲಿ ಅದನ್ನು ಇಂಗ್ಲಿಷಿನಲ್ಲಿ ಹೇಳಿಸಿದೆ. ಆ ಹಿರಿಯರು ಕ್ಯಾನು ಕೆಳಗಿಟ್ಟು, ನಿಮ್ಮ ತಂದೆ ಯಾವ ಎಂಜಿನ್ನಿನಲ್ಲಿದ್ದರು, ಯಾವ ಕಲ್ಲಿದ್ದಲು, ಏರು ಎಷ್ಟಿತ್ತು ಅಂತ ಒಂದರ ಮೇಲೊಂದು ಕೇಳಿದರು. ಬಂಗಾರಪೇಟೆಯನ್ನು ಅವರು ಕೇಳಿರಲಿಲ್ಲ, ಆದರೆ ಕೋಲಾರದ ಚಿನ್ನದ ಗಣಿ ಗೊತ್ತಿತ್ತು. ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇಲ್ಲಿ ಸಂಬಳವಿಲ್ಲ. ವರ್ಷಕ್ಕೆ ಕೆಲವು ವಾರ ಬಂದು ಎಂಜಿನ್ ಓಡಿಸಿ ಹೋಗುತ್ತಾರೆ. ಫೈರ್‌ಮನ್ ಕೆಲಸ ಒಬ್ಬ ಹುಡುಗಿ ಮಾಡುತ್ತಿದ್ದಳು, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಸಲಿಕೆಯಲ್ಲಿ ಕಲ್ಲಿದ್ದಲನ್ನು ಸ್ವಲ್ಪ ಸ್ವಲ್ಪವೇ, ಒಲೆಯ ಎಲ್ಲ ಕಡೆ ಹರಡಿ ಹಾಕುತ್ತಿದ್ದಳು. ಹೊಗೆ ತೆಳ್ಳಗೆ ಬರುತ್ತಿತ್ತು. ಕಪ್ಪು ಹೊಗೆ ಬಂದರೆ ಕೆಲಸ ಬಾರದವರು ಅಂತ ಅಪ್ಪ ಹೇಳುತ್ತಿದ್ದ ಲೆಕ್ಕದಲ್ಲಿ ಈ ಹುಡುಗಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಇನ್ನು ಬೋಗಿಗಳು. ರೈಲು ಶುರುವಾದಾಗ ತಂದ ನಾಲ್ಕು ಚಕ್ರದ ಮರದ ಬೋಗಿಗಳು ಇನ್ನೂ ಓಡುತ್ತಿವೆ. ನೂರೈವತ್ತು ವರ್ಷಕ್ಕೂ ಹಳೆಯವು. ಅವುಗಳಲ್ಲಿ ಮೂರನ್ನು ಮಾಡಿದ್ದು ಬರ್ಮಿಂಗ್‌ಹ್ಯಾಮ್‌ನ ಬ್ರೌನ್ ಮಾರ್ಷಲ್ಸ್ ಕಾರ್ಖಾನೆ. ಗಾರ್ಡಿನ ಡಬ್ಬಿಯಲ್ಲಿ ಒಂದು ಟಿಕೆಟ್ ಕಿಂಡಿಯೂ ಇದೆ. ದಾರಿಯ ಸಣ್ಣ ಸ್ಟೇಷನ್ನುಗಳಲ್ಲಿ ಸ್ಟೇಷನ್ ಮಾಸ್ಟರ್ ಇಲ್ಲದ್ದರಿಂದ ಗಾರ್ಡೇ ಆ ಕಿಂಡಿಯಿಂದ ಟಿಕೆಟ್ ಕೊಡುತ್ತಿದ್ದರು.

ಬೋಗಿ ಹತ್ತಿದವರು ಒಂದು ವಿಚಿತ್ರ ಗಮನಿಸುತ್ತೀರಿ. ಬಾಗಿಲು ಒಂದೇ ಕಡೆ ತೆರೆಯುತ್ತದೆ. ಇದರ ಕಾರಣ ನನಗೆ ತುಂಬಾ ಇಷ್ಟವಾಯಿತು. 1866ರಲ್ಲಿ ಸರ್ಕಾರದ ಇನ್‌ಸ್ಪೆಕ್ಟರ್ ಬಂದು ಅಳೆದಾಗ, ಹಳಿಯ ಮೇಲಿನ ಸೇತುವೆಗಳ ಒಳ ಅಗಲ ಕಡಿಮೆ ಬಿದ್ದಿತ್ತು. ಬೋಗಿಗೂ ಗೋಡೆಗೂ ನಡುವೆ ಎರಡಡಿ ಜಾಗವೂ ಇರಲಿಲ್ಲ. ಸುರಂಗದಂಥ ಆ ಜಾಗದಲ್ಲಿ ರೈಲು ನಿಂತುಬಿಟ್ಟರೆ ಜನ ಇಳಿಯುವುದು ಹೇಗೆ? ಸೇತುವೆ ಒಡೆದು ಕಟ್ಟಲು ದುಡ್ಡು ಬೇಕು. ಅದಕ್ಕೆ ಒಂದು ಕಡೆಯ ಬಾಗಿಲನ್ನು ಶಾಶ್ವತವಾಗಿ ಮುಚ್ಚಿ, ಸೇತುವೆಯ ಕೆಳಗೆ ಹಳಿಯನ್ನೇ ಆ ಕಡೆಗೆ ಸರಿಸಿ, ಬಾಗಿಲಿರುವ ಕಡೆ ಜಾಗ ಮಾಡಿದರು. ಆ ಏರ್ಪಾಡು ಈಗಲೂ ಹಾಗೇ ಇದೆ. ಸೇತುವೆ ಬಂದಾಗ ಮುಚ್ಚಿದ ಬದಿಯ ಕಿಟಕಿಯಲ್ಲಿ ನೋಡಿ, ಕಲ್ಲು ಎಷ್ಟು ಹತ್ತಿರ ಬರುತ್ತದೆ ಅಂದರೆ ಮೊಮ್ಮಗನ ಕೈ ಹಿಡಿದು ಒಳಗೆಳೆದುಕೊಂಡೆ. ಮಕ್ಕಳಿದ್ದರೆ ಎಚ್ಚರ.

ದಾರಿ ಸುಮಾರು ಹನ್ನೆರಡು ಕಿಲೋಮೀಟರು, ಹೋಗಲು ಒಂದು ಗಂಟೆಯ ಹತ್ತಿರ. ಪೆಂಡ್ರೆಯಲ್ಲಿ ವರ್ಕ್‌ಶಾಪು, ಆಮೇಲೆ ರಿಡರೋನೆನ್, ಬ್ರಿನ್‌ಗ್ಲಾಸ್. ಎರಡೂ ಕಡೆ ಕಲ್ಲಿನ ಬೇಲಿ, ಕುರಿ, ಹಸುರು. ಒಂಟಿ ಹಳಿಯಾದ್ದರಿಂದ ಡ್ರೈವರಿಗೆ ಟೋಕನ್ ಕೈಗೆ ಬಂದರೇ ಮುಂದಿನ ಭಾಗಕ್ಕೆ ಹೋಗಲು ಅಪ್ಪಣೆ. ಆ ಟೋಕನ್ ಕೊಟ್ಟು ತೆಗೆದುಕೊಳ್ಳುವುದನ್ನು ನೋಡಲು ನಾನು ಕಿಟಕಿಗೆ ಮುಖ ಒತ್ತಿದೆ. ನಮ್ಮ ಕಡೆ ಬೆತ್ತದ ದೊಡ್ಡ ಬಳೆಗೆ ಚೀಲ ಕಟ್ಟಿ, ಓಡುವ ರೈಲಿನಿಂದಲೇ ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅಪ್ಪನ ಎಡತೋಳಿನಲ್ಲಿ ಆ ಬಳೆ ಹೊಡೆದ ಕಪ್ಪು ಗುರುತು ಕೊನೆಯವರೆಗೂ ಇತ್ತು.

ಡಾಲ್‌ಗೋಖ್ ಬರುವ ಮುಂಚೆ ಕಾಡು ದಟ್ಟವಾಗುತ್ತದೆ. ಆಳವಾದ ಕಣಿವೆಯ ಮೇಲೆ ಮೂರು ಕಮಾನಿನ ಇಟ್ಟಿಗೆಯ ಸೇತುವೆ. ಕೆಳಗೆ ಐವತ್ತು ಅಡಿಗೂ ಹೆಚ್ಚು ಆಳ, ನೀರಿನ ಸದ್ದು. ದಾಟಿದ ಕೂಡಲೇ ಸ್ಟೇಷನ್, ಎಂಜಿನ್ನು ಅಲ್ಲಿ ನೀರು ಕುಡಿಯುತ್ತದೆ. ಇಳಿದು ಹೋದರೆ ಜಲಪಾತ ಹತ್ತಿರವೇ ಇದೆ. ಒಂದು ರೈಲಿನಿಂದ ಇಳಿದು ಅದರ ಮುಂದಿನ ರೈಲಿಗೆ ಹತ್ತಬಹುದು. ನನ್ನ ಮಂಡಿ ಒಪ್ಪಲಿಲ್ಲ, ಅಳಿಯ ಮೊಮ್ಮಗನನ್ನು ಕರೆದುಕೊಂಡು ಹೋಗಿ ಬಂದ. ಇಬ್ಬರೂ ಒದ್ದೆಯಾಗಿ ನಗುತ್ತಾ ಬಂದರು. ಮೊದಲ ಜಲಪಾತದವರೆಗೆ ದಾರಿ ಸುಲಭ ಅಂತ ಅಳಿಯ ಹೇಳಿದ.

ಕೊನೆಯ ಸ್ಟೇಷನ್ ನಾಂಟ್ ಗ್ವೆರ್ನೋಲ್. ಅಲ್ಲಿಗೆ ಕಾರು ಹೋಗುವ ರಸ್ತೆಯೇ ಇಲ್ಲ. ರೈಲಿನಲ್ಲಿ ಹೋಗಬೇಕು, ಇಲ್ಲವೇ ಕಾಲುದಾರಿ. ಹಿಂದೆ ಜನ ಹತ್ತುವ ರೈಲು ಅಬರ್‌ಗಿನೋಲ್ವಿನ್‌ವರೆಗೆ ಮಾತ್ರ ಇತ್ತು. ಅದರಾಚೆಗೆ ಬರೀ ಕಲ್ಲಿನ ಗಾಡಿ. ಸ್ವಯಂಸೇವಕರೇ ಹಳಿ ಹಾಕಿ 1976ರಲ್ಲಿ ಇಲ್ಲಿಯವರೆಗೆ ತಂದರು. ಇಲ್ಲಿಂದ ಬೆಟ್ಟಕ್ಕೆ ನೆಟ್ಟಗೆ ಏರುವ ಇಳಿಜಾರಿನ ಗುರುತು ಕಾಣುತ್ತದೆ. ಮೇಲಿಂದ ತುಂಬಿದ ಗಾಡಿ ತನ್ನ ಭಾರಕ್ಕೇ ಇಳಿಯುವಾಗ, ಅದೇ ಹಗ್ಗದ ಇನ್ನೊಂದು ತುದಿಯ ಖಾಲಿ ಗಾಡಿ ಮೇಲೇರುತ್ತಿತ್ತು. ಬಾವಿಯ ಎರಡು ಕೊಡದ ರಾಟೆ ನೆನೆಸಿಕೊಳ್ಳಿ, ಅದೇ ಲೆಕ್ಕ.

ಎಂಜಿನ್ನು ಆ ತುದಿಯಿಂದ ಈ ತುದಿಗೆ ಬರುವ ಹೊತ್ತಿನಲ್ಲಿ ನಾನು ಕಾಲಬಳಿ ಬಿದ್ದಿದ್ದ ಒಂದು ಸ್ಲೇಟಿನ ಚೂರು ಎತ್ತಿಕೊಂಡೆ. ಉಗುರಿನಿಂದ ಅಂಚು ಸವರಿದರೆ ಪುಸ್ತಕದ ಹಾಳೆಯ ಹಾಗೆ ಪದರ ಪದರ. ಉಳಿಯನ್ನು ಸರಿಯಾದ ಜಾಗದಲ್ಲಿಟ್ಟು ಮೆಲ್ಲಗೆ ತಟ್ಟಿದರೆ ಹಾಳೆಯಂತೆ ಬಿಡಿಸಿಕೊಳ್ಳುತ್ತದೆ. ಹಾಗೆ ಸೀಳಿದ್ದೇ ಮನೆಯ ಮೇಲಿನ ಹೆಂಚು. ನಮಗೆ ಮಂಗಳೂರು ಹೆಂಚು ಹೇಗೋ ಇಲ್ಲಿಯವರಿಗೆ ಇದು. ಮಳೆಯಲ್ಲಿ ನೆನೆದ ಆ ಕರಿ ನೀಲಿ ಬಣ್ಣ ನನಗೆ ಚೆನ್ನಾಗಿ ಗೊತ್ತು. ಒಂದನೇ ಕ್ಲಾಸಿನಲ್ಲಿ ಮಕ್ಕಳು ಒದ್ದೆ ಬಟ್ಟೆಯಲ್ಲಿ ಸ್ಲೇಟು ಒರೆಸಿದ ಕೂಡಲೇ ಕಾಣುವ ಬಣ್ಣ ಅದು, ಒಣಗಿದರೆ ಬೂದಿಯಾಗುತ್ತದೆ. ಮೊಮ್ಮಗನಿಗೆ ತೋರಿಸಿ, “ಅಜ್ಜಿ ಇದರ ಮೇಲೇ ಬರೆಸ್ತಿದ್ದೆ” ಅಂದೆ. ಅವನಿಗೆ ಟ್ಯಾಬ್ ಗೊತ್ತು, ಸ್ಲೇಟು ಗೊತ್ತಿಲ್ಲ. ಇನ್ನೊಂದು ಚೂರಿನಿಂದ ಗೀಚಿದೆ, ಬಿಳಿ ಗೆರೆ ಬಂತು. ಅವನ ಹೆಸರಿನ ಮೊದಲ ಅಕ್ಷರ ಬರೆದು ತೋರಿಸಿದೆ. ಎರಡೂ ಚೂರನ್ನು ಅಲ್ಲೇ ಇಟ್ಟು ಬಂದೆವು.

ವಾಪಸು ಬರುವಾಗ ಅಬರ್‌ಗಿನೋಲ್ವಿನ್‌ನಲ್ಲಿ ಟೀ ಕುಡಿಯಲು ಹೊತ್ತು ಕೊಡುತ್ತಾರೆ. ಅಲ್ಲಿ ಕೂತು ಮಗಳು ಓದಿ ಹೇಳಿದ ಕಥೆಗೇ ನಾನು ಇಷ್ಟೆಲ್ಲ ಬರೆಯುತ್ತಿರುವುದು. 1911ರಿಂದ ಈ ರೈಲು, ಗಣಿ ಎರಡೂ ಹೆನ್ರಿ ಹೇಡನ್ ಜೋನ್ಸ್ ಅನ್ನುವವರ ಕೈಯಲ್ಲಿದ್ದವು. ಇದೇ ಸೀಮೆಯ ಪಾರ್ಲಿಮೆಂಟ್ ಸದಸ್ಯರು. 1946ರ ಡಿಸೆಂಬರಿನಲ್ಲಿ ಗಣಿ ಕುಸಿದು ಮುಚ್ಚಿತು. ಸಾಗಿಸಲು ಕಲ್ಲಿಲ್ಲ, ರೈಲಿಗೆ ಆದಾಯವಿಲ್ಲ. ಆದರೂ ನಾನು ಬದುಕಿರುವವರೆಗೆ ರೈಲು ಓಡುತ್ತದೆ ಅಂತ ಮಾತು ಕೊಟ್ಟಿದ್ದರು, ಓಡಿಸಿದರು. 1948ರಲ್ಲಿ ಬ್ರಿಟನ್ನಿನ ರೈಲುಗಳನ್ನು ಸರ್ಕಾರ ತೆಗೆದುಕೊಂಡಾಗ ಈ ಪುಟ್ಟದ್ದನ್ನು ತೆಗೆದುಕೊಳ್ಳಲಿಲ್ಲ. 1950ರ ಜುಲೈನಲ್ಲಿ ಅವರು ತೀರಿಕೊಂಡರು. ಓಡುವ ಸ್ಥಿತಿಯಲ್ಲಿದ್ದದ್ದು 1866ರ ಡಾಲ್‌ಗೋಖ್ ಎಂಜಿನ್ನು ಒಂದೇ. ಹಳಿ ಹುಲ್ಲಿನಲ್ಲಿ ಮುಚ್ಚಿಹೋಗಿತ್ತು.

ಆಗ ಟಾಮ್ ರೋಲ್ಟ್ ಅನ್ನುವ ಎಂಜಿನಿಯರ್ ಮತ್ತು ಗೆಳೆಯರು ಅದೇ ವರ್ಷ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮ್‌ನ ಇಂಪೀರಿಯಲ್ ಹೋಟೆಲಿನಲ್ಲಿ ಸಭೆ ಕರೆದರು. ರೈಲನ್ನು ನಾವೇ ಓಡಿಸೋಣ ಅಂತ ಸಂಘ ಕಟ್ಟಿದರು. 1951ರ ಮೇ 14ರಂದು ಅವರ ಮೊದಲ ರೈಲು ಹೊರಟಿತು. ಸ್ವಯಂಸೇವಕರು ಉಳಿಸಿ ಓಡಿಸಿದ ರೈಲು ಜಗತ್ತಿನಲ್ಲಿ ಇದೇ ಮೊದಲು. 2021ರಲ್ಲಿ ವಾಯವ್ಯ ವೇಲ್ಸ್‌ನ ಸ್ಲೇಟು ಭೂಪ್ರದೇಶಕ್ಕೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಆ ಗಣಿ, ಅಬರ್‌ಗಿನೋಲ್ವಿನ್ ಹಳ್ಳಿ, ಈ ರೈಲು ಮೂರೂ ಅದರಲ್ಲಿ ಸೇರಿವೆ. ನಮ್ಮ ಊಟಿ ರೈಲಿಗೂ ಅದೇ ಪಟ್ಟ 2005ರಲ್ಲಿ ಸಿಕ್ಕಿದೆ. ನಮ್ಮ ಕೋಲಾರದ ಚಿಕ್ಕ ರೈಲಿಗೆ ಯಾರೂ ಸಭೆ ಕರೆಯಲಿಲ್ಲ. ಬ್ರಾಡ್‌ಗೇಜ್ ಬೇಕಿತ್ತು, ಬಂತು, ಅದು ಸರಿಯೇ. ಆದರೂ ಒಂದು ಎಂಜಿನ್ನು, ನಾಲ್ಕು ಬೋಗಿ, ಐದು ಕಿಲೋಮೀಟರು ಹಳಿ ಉಳಿಸಿಕೊಂಡಿದ್ದರೆ ಏನಾಗುತ್ತಿತ್ತು? ಟೀ ಆರುವವರೆಗೂ ನಾನು ಇದನ್ನೇ ಯೋಚಿಸಿದೆ.

ವಾರ್ಫ್ ಸ್ಟೇಷನ್ನಿನ ಮ್ಯೂಸಿಯಂ ಬಿಡಬೇಡಿ. ಗಿನ್ನೆಸ್ ಮದ್ಯದ ಕಾರ್ಖಾನೆಯೊಳಗೆ ಓಡುತ್ತಿದ್ದ ಎಂಜಿನ್ನೂ ಇದೆ. ಮಕ್ಕಳು ಟಿವಿಯಲ್ಲಿ ನೋಡುವ ಥಾಮಸ್ ರೈಲಿನ ಕಥೆ ಬರೆದ ಪಾದ್ರಿ ಆಡ್ರಿ ಇಲ್ಲಿಯ ಆರಂಭದ ಸ್ವಯಂಸೇವಕರಲ್ಲಿ ಒಬ್ಬರು. ಅವರ ಓದುವ ಕೋಣೆಯನ್ನು ಹಾಗೇ ಮರುಜೋಡಿಸಿ ಇಟ್ಟಿದ್ದಾರೆ. ನಮ್ಮನ್ನು ಎಳೆದ ಎಡ್ವರ್ಡ್ ಥಾಮಸ್ ಎಂಜಿನ್ನೇ ಅವರ ಕಥೆಯಲ್ಲಿ ಪೀಟರ್ ಸ್ಯಾಮ್ ಆಗಿದೆ ಅಂತ ಗೊತ್ತಾದ ಮೇಲೆ ಮೊಮ್ಮಗ ಮತ್ತೆ ಪ್ಲಾಟ್‌ಫಾರ್ಮಿಗೆ ಓಡಿದ.

ಇನ್ನು ಊರು. ಟವಿನ್ ಅಂದರೆ ವೆಲ್ಶ್ ಭಾಷೆಯಲ್ಲಿ ಮರಳ ದಿಬ್ಬ, ಕಡಲ ದಂಡೆ. ಸ್ಟೇಷನ್ನಿನಿಂದ ಹದಿನೈದು ನಿಮಿಷ ನಡೆದರೆ ಸಮುದ್ರ. ದಂಡೆಯುದ್ದಕ್ಕೂ ನಡೆಯುವ ಕಟ್ಟೆಯನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ್ದು ಜಾನ್ ಕಾರ್ಬೆಟ್, ಇಂಗ್ಲೆಂಡಿನ ಡ್ರಾಯ್ಟ್‌ವಿಚ್‌ನಲ್ಲಿ ಉಪ್ಪು ಮಾಡಿ ಶ್ರೀಮಂತನಾದ ಮನುಷ್ಯ. ಟವಿನ್ ದೊಡ್ಡ ಕಡಲ ವಿಹಾರದ ಊರಾಗಬೇಕು ಅನ್ನುವುದು ಅವನ ಆಸೆ. ಅಷ್ಟು ದೊಡ್ಡದಾಗಲಿಲ್ಲ, ನನಗೆ ಅದೇ ಹಿಡಿಸಿತು. ಸಂಜೆ ಏಳಕ್ಕೂ ಬೆಳಕಿತ್ತು, ನಾಯಿ ಕರೆದುಕೊಂಡು ಬಂದ ನಾಲ್ಕು ಜನ, ನಾವು ನಾಲ್ಕು ಜನ. ಅವನ ದುಡ್ಡಿನಲ್ಲಿ ಕಟ್ಟಿದ ಸಭಾಭವನವೇ ಈಗ ಊರಿನ ಸಿನಿಮಾ ಮಂದಿರ.

ಸಂತ ಕಾಡ್ವನ್ ಹೆಸರಿನ ಚರ್ಚಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಒಳಗೆ ಮನುಷ್ಯನಿಗಿಂತ ಎತ್ತರದ ಒಂದು ಕಲ್ಲು ಕಂಬವಿದೆ. ವೆಲ್ಶ್ ಭಾಷೆಯ ಅತಿ ಹಳೆಯ ಬರಹಗಳಲ್ಲಿ ಒಂದು ಅದರ ಮೇಲಿದೆ, ಎಂಟು ಒಂಬತ್ತನೇ ಶತಮಾನದ್ದು ಅನ್ನುತ್ತಾರೆ. ತೀರಿಕೊಂಡವರ ನೆನಪಿಗೆ ಕೆತ್ತಿದ್ದು. ದುಃಖ ಉಳಿದಿದೆ ಅನ್ನುವ ಅರ್ಥದ ಮಾತು ಅದರಲ್ಲಿದೆಯಂತೆ. ನಮಗೆ ಹಲ್ಮಿಡಿ ಶಾಸನ ಇದ್ದ ಹಾಗೆ ಅವರಿಗೆ ಇದು. ಗಾಜಿನ ಪೆಟ್ಟಿಗೆಯಲ್ಲಿ ಎಲ್ಲೋ ರಾಜಧಾನಿಯಲ್ಲಿ ಇರದೆ, ಊರ ಜನ ಭಾನುವಾರ ಬರುವ ಚರ್ಚಿನಲ್ಲೇ ಇದೆ. ಅಕ್ಷರ ಸವೆದಿವೆ. ಪಕ್ಕಕ್ಕೆ ಬೆಳಕು ಬೀಳುವ ಹಾಗೆ ನಿಂತರೆ ಗೆರೆ ಕಾಣುತ್ತದೆ, ನೇರ ನಿಂತರೆ ಕಾಣುವುದಿಲ್ಲ. ಊರಲ್ಲಿ ಅಂಗಡಿಯವರು ತಮ್ಮತಮ್ಮಲ್ಲಿ ವೆಲ್ಶ್ ಮಾತಾಡುವುದು ಕೇಳಿಸಿತು. ರೈಲಿನ ಫಲಕಗಳಲ್ಲೂ ಎರಡು ಭಾಷೆ. ಕನ್ನಡದ ಟೀಚರ್ ಆಗಿದ್ದವಳಿಗೆ ಅದು ಸಣ್ಣ ಸಂತೋಷವಲ್ಲ.

ಊಟದ ವಿಷಯ. ಮಾಂಸ ತಿನ್ನದವರಿಗೆ ಕಷ್ಟವೇನಿಲ್ಲ, ಸೂಪು, ಚೀಸಿನ ಸ್ಯಾಂಡ್‌ವಿಚ್, ಸಿಪ್ಪೆಸಹಿತ ಸುಟ್ಟ ಆಲೂಗಡ್ಡೆ ಸಿಗುತ್ತದೆ. ವೆಲ್ಶ್ ಕೇಕ್ ತಿನ್ನಿ. ಒಣದ್ರಾಕ್ಷಿ ಹಾಕಿದ ಹಿಟ್ಟನ್ನು ದುಂಡಗೆ ಕತ್ತರಿಸಿ, ನಾವು ರೊಟ್ಟಿ ಬೇಯಿಸುವಂತೆ ದಪ್ಪ ಕಾವಲಿಯ ಮೇಲೆ ಬೇಯಿಸಿದ್ದು. ಆದರೆ ಅದಕ್ಕೆ ಮೊಟ್ಟೆ ಹಾಕುತ್ತಾರೆ, ಕೆಲವರು ಬೆಣ್ಣೆಯ ಬದಲು ಹಂದಿ ಕೊಬ್ಬನ್ನೂ ಹಾಕುತ್ತಾರೆ. ಕೇಳಿ ತೆಗೆದುಕೊಳ್ಳಿ.

ನಾವು ಉಳಿದುಕೊಂಡ ಮನೆ ಮಾತ್ರ ನಿರಾಸೆ ಮಾಡಿತು. ಹೆಸರು ಬರೆಯುವುದಿಲ್ಲ. ಸಮುದ್ರ ಕಾಣುವ ಕೋಣೆ ಅಂತ ಹೇಳಿ ಹೆಚ್ಚು ದುಡ್ಡು ತೆಗೆದುಕೊಂಡರು, ಕಿಟಕಿಗೆ ಎದುರು ಮನೆಯ ಗೋಡೆ ಇತ್ತು. ಮೇ ತಿಂಗಳ ಕೊನೆಯಾದರೂ ರಾತ್ರಿ ಚಳಿ, ಹೀಟರ್ ಹತ್ತು ಗಂಟೆಗೆ ತಾನಾಗಿ ಆರಿಹೋಗುತ್ತಿತ್ತು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಕಾದಿರಿಸುವ ಮುಂಚೆ ಹೀಟರಿನ ವಿಷಯ ಫೋನ್ ಮಾಡಿ ಕೇಳಿ, ಒಂದು ಶಾಲು ಹೆಚ್ಚಿಗೆ ಇಟ್ಟುಕೊಳ್ಳಿ.

ರೈಲಿನ ಟಿಕೆಟ್ ಅಗ್ಗವಲ್ಲ. ನಾಲ್ವರಿಗೆ ಎಷ್ಟಾಯಿತು ಅಂತ ರೂಪಾಯಿ ಲೆಕ್ಕ ಹಾಕಿದಾಗ ನನಗೆ ಕಸಿವಿಸಿಯಾಯಿತು. ಆದರೆ ಆ ಬಾಯ್ಲರು, ಆ ಮರದ ಬೋಗಿ, ಐವತ್ತಡಿ ಎತ್ತರದ ಸೇತುವೆ, ಎಲ್ಲವನ್ನೂ ಈ ದುಡ್ಡಿನಿಂದ, ದೇಣಿಗೆಯಿಂದ ರಿಪೇರಿ ಮಾಡಬೇಕು. ಕಲ್ಲಿದ್ದಲೂ ಈಗ ತುಟ್ಟಿ. ವೇಲ್ಸ್‌ನ ಮರ್ಥರ್ ಟಿಡ್‌ವಿಲ್‌ನ ದೊಡ್ಡ ತೆರೆದ ಗಣಿ 2023ರಲ್ಲಿ ಮುಚ್ಚಿತು, ಬ್ರಿಟನ್ನಿನ ಹಳೆಯ ಉಗಿ ರೈಲುಗಳು ಹೊರದೇಶದ ಕಲ್ಲಿದ್ದಲಿನ ಕಡೆ ನೋಡಬೇಕಾಗಿದೆ. ಹಾಗಾಗಿ ನಾನು ಕೊಟ್ಟ ದುಡ್ಡಿಗೆ ನನಗೆ ಬೇಸರವಿಲ್ಲ.

ಚಳಿಗಾಲದಲ್ಲಿ ರೈಲು ದಿನಾ ಇರುವುದಿಲ್ಲ, ವೇಳಾಪಟ್ಟಿ ನೋಡಿಕೊಂಡೇ ಹೊರಡಿ. ಬೆಳಗಿನ ಮೊದಲ ರೈಲಿಗೆ ಅರ್ಧ ಗಂಟೆ ಮುಂಚೆ ಹೋಗಿ, ಎಣ್ಣೆ ಬಿಡುವ ಹೊತ್ತಿಗೆ ಎಂಜಿನ್ನಿನ ಹತ್ತಿರ ನಿಲ್ಲಿ, ಏನು ಬೇಕಾದರೂ ಕೇಳಿ, ಅವರು ಹೇಳುತ್ತಾರೆ. ಬೆಳ್ಳಗಿನ ಸೀರೆ, ಬಿಳಿ ಅಂಗಿ ಬೇಡ, ಮಸಿ ಹಾರುತ್ತದೆ. ಬರುವ ವರ್ಷ ಮಗಳು ಸಂಘದ ಸದಸ್ಯತ್ವ ತೆಗೆದುಕೊಳ್ಳುತ್ತಾಳೆ. ಅಳಿಯ ಸ್ವಯಂಸೇವಕನಾಗಿ ಒಂದು ವಾರ ಹಳಿ ಕೆಲಸಕ್ಕೆ ಹೆಸರು ಕೊಡುತ್ತೇನೆ ಅಂದಿದ್ದಾನೆ. ಆ ವಾರ ನಾನೂ ಅಲ್ಲೇ ಇರುತ್ತೇನೆ, ಹೀಟರ್ ಇರುವ ಮನೆ ಈಗಲೇ ಹುಡುಕುತ್ತಿದ್ದೇವೆ.